ಗೆದ್ದವರಾರು? ಕೊಟ್ಟವರಾರು?

ಅಮೆರಿಕದ ಕಿಟ್ಟರಿ ಎಂಬ ಊರಿನ ವಿಲಿಯಂ ಪೆಪ್ಪರೆಲ್ಲನು (1696–1759) ಮೀನು, ಮರಮುಟ್ಟುಗಳ ವರ್ತಕನು. ಕೋಟೆ ಮುತ್ತಿದ ಅನುಭವವಿದ್ದವನಲ್ಲ. ಆದರೂ 1745ರಲ್ಲಿ ರೈತರು, ಬೆಸ್ತರು, ಬಡಗಿಗಳಿಂದ ಕೂಡಿದ ಸುಮಾರು 4,000 ಜನರ ನಾಡದಂಡಿಗೆ ನಾಯಕನಾಗಿ ಫ್ರೆಂಚರ ಲೂಯಿಬೂರ್ ಕೋಟೆಗೆ ಮುತ್ತಿಗೆ ಹಾಕಿದನು. ಜೌಗು ನೆಲದಲ್ಲಿ ಗಾಲಿಗಳು ಹೂತುಹೋಗಲು, ಆ ಜನರು ಫಿರಂಗಿಗಳನ್ನು ಮರದ ಜಾರುಬಂಡಿಗಳಿಗೇರಿಸಿ ತಾವೇ ಎಳೆದರು. ಬ್ರಿಟಿಷ್ ನೌಕಾಬಲದ ನೆರವೂ ಸೇರಿ, ಸುಮಾರು ಏಳು ವಾರಗಳಲ್ಲಿ ಕೋಟೆಯು ಶರಣಾಯಿತು. ಮುಂದಿನ ಚಳಿಗಾಲದಲ್ಲಿ ರೋಗಕ್ಕೆ ತುತ್ತಾದವರು ಕಾದಿ ಮಡಿದವರಿಗಿಂತ ಬಹು ಹೆಚ್ಚು.

ಆದರೆ 1748ರ ಕೌಲಿನಲ್ಲಿ ಇಂಗ್ಲೆಂಡು ಆ ಕೋಟೆಯನ್ನು ಫ್ರೆಂಚರಿಗೆ ಹಿಂದಿರುಗಿಸಿತು. 1746ರಲ್ಲಿ ಫ್ರೆಂಚರು ಹಿಡಿದಿದ್ದ ಮದರಾಸು ಮರಳಿ ಇಂಗ್ಲಿಷರ ವಶವಾಯಿತು. ಗೆದ್ದವರನ್ನಾಗಲಿ, ಮದರಾಸಿನ ಜನರನ್ನಾಗಲಿ ಒಂದು ಮಾತು ಕೇಳಿದವರಿಲ್ಲ. ಪರಾಧೀನರ ಶೌರ್ಯವೂ ನೆಲವೂ ಆಳುವವರ ಲೆಕ್ಕದಲ್ಲಿ ಬರಿಯ ವಿನಿಮಯದ ಸರಕೆಂಬುದನ್ನು ವಾಚಕರು ಮನಗಾಣಬೇಕೆಂದು ನಾವು ಬಯಸುತ್ತೇವೆ.