ಕೂಡಾಟಕ್ಕೆ ಬಂದ ಹುಡುಗಿಯರು

ನೋಯ್ಡಾದಲ್ಲಿ ಸೇರಿದ್ದ ನಮ್ಮ ಬಳಗದ ಕೂಟದಲ್ಲಿ ಜಪಾನಿನ ಅನಿಮೆ ಚಿತ್ರವೊಂದರ ಮಾತೆತ್ತಿದಾಗ ಹಿರಿಯರೊಬ್ಬರು ನಕ್ಕು, ‘ಗೊಂಬೆ ಮಾರುವವರ ಜಾಹೀರಾತಿಗೆ ಸಾಹಿತ್ಯ ಬಳಗದಲ್ಲೇನು ಕೆಲಸ?’ ಎಂದರು. ಚಿತ್ರವನ್ನು ಅವರು ನೋಡಿರಲಿಲ್ಲ. ಕಡತ ಬಿಚ್ಚದೆ ಟಿಪ್ಪಣಿ ಬರೆಯುತ್ತಾರೆಂದು ಲೋಕ ನಮ್ಮಂಥ ಸರ್ಕಾರಿ ನೌಕರರನ್ನು ದೂರುತ್ತದೆ; ಆ ಪದ್ಧತಿ ವಿಮರ್ಶೆಯಲ್ಲಿಯೂ ಉಂಟೆಂದು ಅಂದು ತಿಳಿಯಿತು. ಅವರ ಪ್ರಶ್ನೆಗೆ ಇದು ನಮ್ಮ ಉತ್ತರ.

ತೋಯೆ ಅನಿಮೇಷನ್ ಸಂಸ್ಥೆ ‘ಪ್ರೆಟ್ಟಿ ಕ್ಯೂರ್’ ಸರಣಿಯನ್ನು ಆರಂಭಿಸಿದ್ದು 2004ರಲ್ಲಿ. ಸಾಮಾನ್ಯ ಶಾಲಾ ಹುಡುಗಿಯರು ಮಾಯಾಶಕ್ತಿ ಪಡೆದು, ವೇಷ ಬದಲಿಸಿ, ದುಷ್ಟರೊಡನೆ ಕಾದಾಡುವುದು ಅದರ ಕಥಾಸೂತ್ರ. ಹೆಚ್ಚುಕಡಿಮೆ ವರ್ಷಕ್ಕೊಂದು ಹೊಸ ಕಥೆ, ಹೊಸ ನಾಯಕಿಯರು. ಅವರನ್ನೆಲ್ಲ ಒಂದೇ ತೆರೆಗೆ ತರುವ ‘ಆಲ್ ಸ್ಟಾರ್ಸ್’ ಚಿತ್ರಗಳು 2009ರಲ್ಲಿ 14 ಮಂದಿಯಿಂದ ಮೊದಲಾದವು. 2018ರಲ್ಲಿ 55 ಮಂದಿ ಸೇರಿ ಗಿನ್ನೆಸ್ ದಾಖಲೆಯಾಯಿತು. ಸರಣಿಯ 20ನೆಯ ವರ್ಷದ ನೆನಪಿಗೆ 2023ರ ಸೆಪ್ಟೆಂಬರಿನಲ್ಲಿ ಬಂದ, ಯೂತಾ ತನಾಕಾ ನಿರ್ದೇಶನದ ‘ಆಲ್ ಸ್ಟಾರ್ಸ್ ಎಫ್’ನಲ್ಲಿ 70ಕ್ಕೂ ಹೆಚ್ಚು. ನಾವು ಮಾತೆತ್ತಿದ್ದು ಈ ಚಿತ್ರದ್ದು.

ಇದೇನು ನಮಗೆ ಹೊಸತೇ? ಕರಾವಳಿಯ ಯಕ್ಷಗಾನ ಬಲ್ಲವರಿಗೆ ಕೂಡಾಟ ಗೊತ್ತು: ಬೇರೆ ಬೇರೆ ಮೇಳಗಳ ಕಲಾವಿದರು ಒಂದೇ ರಂಗಸ್ಥಳದಲ್ಲಿ ಸೇರಿ ಆಡುವ ಆಟ. ಅದರ ಸೊಗಸೂ ತೊಡಕೂ ಒಂದೇ ಬೇರಿನವು. ಪ್ರೇಕ್ಷಕರು ತಮ್ಮ ತಮ್ಮ ಮೆಚ್ಚಿನ ವೇಷಧಾರಿಗಾಗಿ ಬರುತ್ತಾರೆ. ಪ್ರತಿಯೊಬ್ಬರಿಗೂ ಕುಣಿತಕ್ಕೆ, ಮಾತಿಗೆ ಎಡೆಯಿರಬೇಕು. ಬೆಳಗಾಗುವುದರೊಳಗೆ ಪ್ರಸಂಗವೂ ಮುಗಿಯಬೇಕು.

‘ಎಫ್’ ಈ ತೊಡಕನ್ನು ಜಾಣ್ಮೆಯಿಂದ ಬಿಡಿಸುತ್ತದೆ. ಅಪರಿಚಿತ ಲೋಕದಲ್ಲಿ ಕಣ್ಣುಬಿಟ್ಟ ಹುಡುಗಿಯರು ತಮ್ಮ ಗೆಳತಿಯರಿಂದ ಅಗಲಿ, ಬೇರೆ ಕಥೆಗಳವರೊಡನೆ ಬೆರೆತು, ಸಣ್ಣ ಗುಂಪುಗಳಾಗಿ ದೂರದ ಕೋಟೆಯತ್ತ ಸಾಗುತ್ತಾರೆ. ಹೀಗೆ ಒಬ್ಬೊಬ್ಬಳ ಸ್ವಭಾವವೂ ದಾರಿಯಲ್ಲಿ ತೆರೆದುಕೊಳ್ಳುತ್ತದೆ. ಮುಂದೆ ಬಯಲಾಗುವ ಗುಟ್ಟನ್ನು ಹೇಳದೆ ಚಿತ್ರದ ತಿರುಳನ್ನು ಹೇಳಲಾಗದು: ಜೊತೆಗೆ ನಡೆದವಳೊಬ್ಬಳೇ ಎದುರಾಳಿ. ಸುಪ್ರೀಮ್ ಎಂಬ ಆ ಮಹಾಶಕ್ತಿ ಹುಡುಗಿಯರನ್ನು ಈ ಮೊದಲೇ ಸೋಲಿಸಿಯಾಗಿದೆ. ತನಗೆ ಎದುರು ನಿಂತವರ ಬಲದ ಮೂಲವನ್ನು ಅರಿಯಲೆಂದು ಅದು ಈ ಲೋಕವನ್ನು ಕಟ್ಟಿ, ಅವರಂತೆಯೇ ವೇಷ ತೊಟ್ಟಿದೆ; ಅವರಿಗಿರುವಂತೆ ತನಗೂ ಇರಲೆಂದು ಪೂಕಾ ಎಂಬ ಪುಟ್ಟ ಜೊತೆಗಾರ ಜೀವಿಯನ್ನೂ ಸೃಷ್ಟಿಸಿಕೊಂಡಿದೆ. ವೇಷವಿದೆ, ಶಕ್ತಿಯಿದೆ, ಜೊತೆಗಾರನಿದ್ದಾನೆ. ಗೆಳೆತನವೆಂದರೇನೆಂಬುದು ಮಾತ್ರ ತಿಳಿಯದು. ವೇಷಭೂಷಣ ತೊಟ್ಟ ಮಾತ್ರಕ್ಕೆ ಯಾರೂ ನಾಯಕಿಯಾಗುವುದಿಲ್ಲವೆಂದು, ವೇಷಭೂಷಣ ಮಾರುವವರ ಚಿತ್ರವೇ ಹೇಳುತ್ತಿದೆ. ಹಿರಿಯರು ಇದನ್ನು ಗಮನಿಸಬೇಕಿತ್ತು.

ದೋಷಗಳನ್ನು ನಾವು ಮುಚ್ಚಿಡುವುದಿಲ್ಲ. ಕೊನೆಯ ಯುದ್ಧದಲ್ಲಿ ಮಂದಿ ಹೆಚ್ಚಿದಂತೆ ಮುಖಗಳು ಕಳೆದುಹೋಗುತ್ತವೆ. ಹಳೆಯ ಕಥೆಗಳ ನಾಯಕಿಯರು ಹಲವರು ಕ್ಷಣಮಾತ್ರ ಮಿಂಚಿ ಮರೆಯಾಗುತ್ತಾರೆ. ಸರಣಿಯ ಪರಿಚಯವಿಲ್ಲದವರಿಗೆ ಅದು ಬಣ್ಣಬಣ್ಣದ ಸಂತೆ. ಪಕ್ಕದಲ್ಲಿ ಕುಳಿತು ಮಗಳು ಹೆಸರು ಹೇಳದಿದ್ದರೆ ನಮ್ಮ ಪಾಡೂ ಅದೇ ಆಗುತ್ತಿತ್ತು. ಲೋಕವನ್ನೇ ಅಳಿಸಿದ ಸುಪ್ರೀಮ್‌ಗೆ ಕ್ಷಮೆ ದೊರೆಯುವುದೂ ಅವಸರದಲ್ಲಿಯೇ. ಅಂಥ ಅಪರಾಧಕ್ಕೆ ಪಶ್ಚಾತ್ತಾಪದ ಒಂದು ಇರುಳಾದರೂ ಬೇಕಿತ್ತು. ಬಂದಾಯ್ ಕಂಪನಿಯ ಆಟಿಕೆ ವ್ಯಾಪಾರ ಸರಣಿಯ ಬೆನ್ನಿಗಿರುವುದೂ ನಿಜ.

ಆದರೆ ಹಿರಿಯರ ತಕರಾರು ಇವುಗಳ ಬಗೆಗಲ್ಲ. ಹುಡುಗಿಯರು, ಮಾಯೆ, ಕಾದಾಟ ಎಂದೊಡನೆ ಅವರಿಗೆ ಅದು ಕ್ಷುಲ್ಲಕ. ಎಂ.ಎ. ತರಗತಿಯಲ್ಲಿ ಕೋಲ್‌ರಿಜ್‌ನ ಶಾಪಗ್ರಸ್ತ ನಾವಿಕನನ್ನು ಚಕಾರವೆತ್ತದೆ ನಂಬಿದವರು ನಾವು. ದೇವತೆಗಳ ತೇಜಸ್ಸೆಲ್ಲ ಕೂಡಿ ಹೆಣ್ಣಾಗಿ, ಒಬ್ಬೊಬ್ಬರಿಂದ ಒಂದೊಂದು ಆಯುಧ ಪಡೆದು ಮಹಿಷನನ್ನು ಎದುರಿಸುವ ‘ದೇವೀಮಹಾತ್ಮೆ’ಯ ಆಟವನ್ನು ರಾತ್ರಿಯಿಡೀ ನೋಡಿದವರು. 13ರ ಹುಡುಗಿಯ ಕೈಯ ಮಂತ್ರದಂಡಕ್ಕೆ ಮಾತ್ರ ನಗುವುದೇಕೆ? ಅಲ್ಲಿ ಶುಂಭನೆದುರು ಮಾತೃಕೆಯರೆಲ್ಲ ದೇವಿಯಲ್ಲಿ ಲೀನರಾಗುತ್ತಾರೆ. ಇಲ್ಲಿ ಯಾರೂ ಯಾರಲ್ಲಿಯೂ ಕರಗದೆ, ತಾವು ತಾವಾಗಿಯೇ ಕೂಡಿ ನಿಲ್ಲುತ್ತಾರೆ. ಎರಡೂ ದೊಡ್ಡ ಕಲ್ಪನೆಗಳೇ.

ನಮ್ಮ ದೇಶದ ಮಕ್ಕಳ ಚಿತ್ರಗಳಲ್ಲಿಯೂ ಕೂಡಾಟವುಂಟು. ಛೋಟಾ ಭೀಮ್ ಮತ್ತು ಕೃಷ್ಣ ಜೊತೆಯಾಗಿ ದುಷ್ಟರನ್ನು ಸದೆಬಡಿಯುತ್ತಾರೆ. ಚುಟ್ಕಿ ಹೆಚ್ಚಾಗಿ ಲಾಡು ಕೊಡುವವಳು. ಸೊಸೈಟಿಯ ಅಂಗಳದಲ್ಲಿ ಆಟಕ್ಕಿಳಿದಾಗಲೆಲ್ಲ ಹುಡುಗರು ನಮ್ಮ ಮಗಳಿಗೆ ಕೊಡುತ್ತಿದ್ದುದು ಚುಟ್ಕಿಯ ಪಾತ್ರವನ್ನೇ. ಒಂದು ದಿನ ಅವಳು ಆಟಕ್ಕೆ ಹೋಗುವುದನ್ನೇ ನಿಲ್ಲಿಸಿದಳು. ಅಂದು ಅವಳ ಕೈಗಿಡಲು ಕನ್ನಡದಲ್ಲಿ ನಮ್ಮ ಬಳಿ ಏನಿತ್ತು? ಅಬ್ಬಕ್ಕ, ಓಬವ್ವ, ಚೆನ್ನಮ್ಮ ಇದ್ದರು. ರಾಜ್ಯೋತ್ಸವದ ವೇಷಸ್ಪರ್ಧೆಯ ದಿನ ಪೆಟ್ಟಿಗೆಯಿಂದ ಹೊರಬಂದು, ನಾಲ್ಕು ಸಾಲು ಮಾತಾಡಿ, ಮರಳಿ ಪೆಟ್ಟಿಗೆ ಸೇರುವವರಾಗಿ.

ಹದಿನಾರನೆಯ ಶತಮಾನದ ಉಳ್ಳಾಲದವಳು, ಹದಿನೆಂಟನೆಯ ಶತಮಾನದ ಚಿತ್ರದುರ್ಗದವಳು, 1824ರ ಕಿತ್ತೂರಿನವಳು ಮೂವರೂ ಒಂದು ಇರುಳು ಒಂದೇ ದಾರಿಯಲ್ಲಿ ಜೊತೆಯಾದರೆ ಏನು ಮಾತಾಡಿಕೊಂಡಾರು? ರಾಣಿಯರಿಬ್ಬರ ನಡುವೆ ಕಾವಲುಗಾರನ ಹೆಂಡತಿ ಬಾಯಿ ತೆರೆದಾಳೇ? ಯಾರು ಯಾರಿಗೆ ಮೊದಲು ನಕ್ಕಾರು? ಸಾಹಿತ್ಯ ಬಳಗದಲ್ಲೇನು ಕೆಲಸ ಎಂದು ಕೇಳಿದಿರಲ್ಲ, ಕೆಲಸ ಇದೇ. ಮುಂದಿನ ಕೂಟಕ್ಕೆ ಒಬ್ಬೊಬ್ಬರೂ ಒಂದೊಂದು ಪುಟ ಬರೆದು ತರೋಣ. ಓದಿ ತೀರ್ಪು ಕೊಡಲು ಮನೆಯ ಹುಡುಗಿಯರನ್ನೂ ಕರೆತರೋಣ.