ಮೆನಿಂಜೈಟಿಸ್ ಲಸಿಕೆ: ಹಾಸ್ಟೆಲಿಗೂ ಮೊದಲು ಪ್ರಯೋಗಾಲಯಕ್ಕೆ

ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತುವರಿದ ಪೊರೆಗಳ ಉರಿಯೂತವೇ ಮೆನಿಂಜೈಟಿಸ್. ಇದಕ್ಕೆ ಕಾರಣವಾಗುವ ರೋಗಾಣುಗಳು ಹಲವಿದ್ದರೂ ಕಾಲೇಜು ವಿದ್ಯಾರ್ಥಿಗಳ ಮಾತು ಬಂದಾಗ ಚರ್ಚೆಯಾಗುವುದು ಮೆನಿಂಗೊಕಾಕಸ್ ಎಂಬ ಬ್ಯಾಕ್ಟೀರಿಯಾ. ಆರೋಗ್ಯವಂತರ ಮೂಗು, ಗಂಟಲಲ್ಲಿ ಸದ್ದಿಲ್ಲದೆ ನೆಲೆಸುವ ಈ ಜೀವಿಯನ್ನು ಹೊತ್ತು ತಿರುಗುವವರ ಪ್ರಮಾಣ ಹದಿಹರೆಯದ ಕೊನೆಯಲ್ಲಿ ಹೆಚ್ಚಾಗಿದ್ದು, ಒತ್ತೊತ್ತಾಗಿ ಬದುಕುವ ಹಾಸ್ಟೆಲುಗಳಲ್ಲಿ ಅದು ಸುಲಭವಾಗಿ ಹರಡುತ್ತದೆ. ಅಪರೂಪಕ್ಕೆ ರಕ್ತವನ್ನು ಹೊಕ್ಕರೆ ಚಿಕಿತ್ಸೆ ಸಿಕ್ಕಿಯೂ ಹತ್ತರಲ್ಲಿ ಒಬ್ಬರು ಸಾಯುವುದುಂಟು, ಬದುಕಿದವರಲ್ಲಿ ಕೆಲವರು ಶ್ರವಣಶಕ್ತಿಯನ್ನೋ ಕೈಕಾಲನ್ನೋ ಕಳೆದುಕೊಳ್ಳುತ್ತಾರೆ.

ಅಮೆರಿಕವು 2005ರಲ್ಲಿ ಹಾಸ್ಟೆಲ್ ಸೇರುವ ಹೊಸ ವಿದ್ಯಾರ್ಥಿಗಳಿಗೆ ಲಸಿಕೆಯನ್ನು ಶಿಫಾರಸು ಮಾಡಿದ್ದೂ, ಡಬ್ಲ್ಯು ಗುಂಪಿನ ರೋಗಾಣು ಹೆಚ್ಚಿದ್ದನ್ನು ಕಂಡು ಬ್ರಿಟನ್ 2015ರಲ್ಲಿ ಅದೇ ದಾರಿ ಹಿಡಿದದ್ದೂ ಈ ಕಾರಣಕ್ಕೇ. ಆದರೆ ಆ ನಿಯಮವನ್ನು ಹಾಗೆಯೇ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೋ ಭದ್ರಾವತಿಯ ಕಾಲೇಜುಗಳಿಗೋ ತಂದು ಹೇರುವುದು ಸರಿಯಲ್ಲ. ಆ ದೇಶಗಳು ರೋಗಿಗಳನ್ನು ಎಣಿಸಿ, ರೋಗಾಣುವಿನ ಗುಂಪನ್ನು ಗುರುತಿಸಿದ ಮೇಲೆಯೇ ನಿರ್ಧಾರಕ್ಕೆ ಬಂದವು. ಭಾರತದಲ್ಲಿ ದೆಹಲಿ 1966, 1985 ಮತ್ತು 2005ರಲ್ಲಿಯೂ, ಮೇಘಾಲಯ ಹಾಗೂ ತ್ರಿಪುರಾ 2008–09ರಲ್ಲಿಯೂ ಕಂಡ ದೊಡ್ಡ ಹಾವಳಿಗಳಿಗೆ ಎ ಗುಂಪು ಕಾರಣವಾಗಿತ್ತು; ಈ ಲಸಿಕೆ ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿಲ್ಲ.

ಎಣಿಕೆಯ ಬೆಲೆ ಏನೆಂಬುದನ್ನು ಶಿವಮೊಗ್ಗಕ್ಕೆ ಹೊರಗಿನವರು ಹೇಳಿಕೊಡಬೇಕಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ 1990ರಿಂದ ಲಸಿಕೆ ಬಳಕೆಯಲ್ಲಿತ್ತು. ಎರಡು ಡೋಸಿನಿಂದ ಸಿಗುವ ರಕ್ಷಣೆ ಸುಮಾರು ಶೇ 62 ಮಾತ್ರ, ಬೂಸ್ಟರ್ ಸೇರಿದರೆ ಶೇ 83 ಎಂದು 2005–2010ರ ದತ್ತಾಂಶ ಆಧರಿಸಿದ ಅಧ್ಯಯನವೊಂದು ತೋರಿಸಿತು. ಮುಂದೆ ಅದರ ಸಾಮರ್ಥ್ಯದ ಬಗೆಗೇ ಸಂಶಯ ಬಲಿತು 2022ರಲ್ಲಿ ಲಸಿಕೆಯನ್ನು ಕೈಬಿಡಲಾಯಿತು. ವರ್ಷ ವರ್ಷವೂ ತೋಳು ಚಾಚಿದ ಮಲೆನಾಡಿನ ಜನರಿಗೆ ಇನ್ನೊಂದು ಲಸಿಕೆಯನ್ನು ಒಪ್ಪಿಸಬೇಕಾದರೆ ಅಂಕಿಅಂಶ ಗಟ್ಟಿಯಾಗಿರಲೇಬೇಕು.

ಮಂಗನ ಕಾಯಿಲೆಯ ಇನ್ನೊಂದು ಲಕ್ಷಣವೂ ಇಲ್ಲಿ ಪ್ರಸ್ತುತ. ಕೆಲವರಲ್ಲಿ ಜ್ವರ ಇಳಿದು ಒಂದೆರಡು ವಾರಗಳಾದ ಮೇಲೆ ಮರಳಿ ಬಂದು ತಲೆನೋವು, ಕತ್ತಿನ ಬಿಗಿತ ಕಾಣಿಸಿಕೊಳ್ಳುತ್ತವೆ; ಕ್ಷಯದ ಮೆನಿಂಜೈಟಿಸ್ ಸಹ ನಿಧಾನವಾಗಿ ಇದೇ ರೂಪ ತಾಳಬಲ್ಲದು. ಇವನ್ನು ಬೇರ್ಪಡಿಸುವುದು ಸೊಂಟದ ಬಳಿ ಬೆನ್ನುಮೂಳೆಗಳ ನಡುವೆ ಸೂಜಿ ಇಳಿಸಿ ತೆಗೆಯುವ ದ್ರವದ ಪರೀಕ್ಷೆ: ನೀರಿನಂತೆ ತಿಳಿಯಾಗಿರಬೇಕಾದ ಆ ದ್ರವ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಕದಡಿರುತ್ತದೆ, ಬಣ್ಣ ಹಾಕಿದ ಗಾಜುಪಟ್ಟಿಯ ಮೇಲೆ ಮೆನಿಂಗೊಕಾಕಸ್ ಜೋಡಿ ಕಾಫಿಬೀಜಗಳಂತೆ ಕಾಣುತ್ತದೆ. ಔಷಧದಂಗಡಿಯಲ್ಲಿ ಕೇಳಿ ಪಡೆದ ಆ್ಯಂಟಿಬಯಾಟಿಕ್ ಅದಾಗಲೇ ಹೊಟ್ಟೆ ಸೇರಿದ್ದರೆ ರೋಗಾಣು ಪತ್ತೆಯಾಗದೆ ಉಳಿಯಬಹುದು. ಹೀಗಾಗಿ ಪ್ರಕರಣ ಕಡಿಮೆಯೆಂಬ ನಂಬಿಕೆಯನ್ನೂ ಪೂರ್ತಿ ನೆಚ್ಚುವಂತಿಲ್ಲ. ಹಾಗೆಂದು ಮಾದರಿ ಸಂಗ್ರಹಕ್ಕಾಗಿ ಆಸ್ಪತ್ರೆ ಸೇರಿದ ರೋಗಿಯ ಚಿಕಿತ್ಸೆಯನ್ನು ತಡಮಾಡುವುದು ಅಪಾಯ.

ವಿದೇಶಕ್ಕೆ ಓದಲು ಹೋಗುವವರು, ಗುಲ್ಮ ತೆಗೆಸಿಕೊಂಡವರು, ಈ ರೋಗಾಣುವನ್ನು ನಿರ್ವಹಿಸುವ ಪ್ರಯೋಗಾಲಯದ ಸಿಬ್ಬಂದಿ ಮಾತ್ರ ಎಣಿಕೆಗಾಗಿ ಕಾಯಬೇಕಿಲ್ಲ. ಹಜ್ ಯಾತ್ರಿಕರಿಗೆ ಈ ಲಸಿಕೆ ಕಡ್ಡಾಯವಾಗಿರುವುದರಿಂದ ಅದನ್ನು ಕೊಡುವ ವ್ಯವಸ್ಥೆಯ ಪರಿಚಯ ಆರೋಗ್ಯ ಇಲಾಖೆಗೆ ಇದ್ದೇ ಇದೆ. ಐದು ಗುಂಪುಗಳಿಂದ ರಕ್ಷಿಸುವ ಮೆನ್‌ಫೈವ್ ಪುಣೆಯಲ್ಲಿಯೇ ತಯಾರಾಗಿ 2024ರಲ್ಲಿ ನೈಜೀರಿಯಾದಲ್ಲಿ ಬಳಕೆಗೆ ಬಂದಿರುವಾಗ ಕೊರತೆ ಲಸಿಕೆಯದ್ದೆನ್ನಲಾಗದು. ಮಂಗನ ಕಾಯಿಲೆಗಾಗಿ ರಕ್ತದ ಮಾದರಿಗಳನ್ನು ಪರೀಕ್ಷಿಸಿ ಲೆಕ್ಕವಿಡುವ ಶಿವಮೊಗ್ಗದ ಶಿಸ್ತು ಬೆನ್ನುಹುರಿ ದ್ರವದ ಮಾದರಿಗಳಿಗೂ ವಿಸ್ತರಿಸಿ, ಮೆಗ್ಗಾನ್ ಆಸ್ಪತ್ರೆಯಂಥ ಕಡೆ ದಾಖಲಾಗುವ ಪ್ರತಿ ಶಂಕಿತ ಪ್ರಕರಣವೂ ಒಂದೇ ನಮೂನೆಯಲ್ಲಿ ನಮೂದಾದರೆ, ಹಾಸ್ಟೆಲುಗಳ ಪ್ರಶ್ನೆಯನ್ನು ಕೆಲವೇ ವರ್ಷಗಳಲ್ಲಿ ಆಧಾರಸಹಿತವಾಗಿ ಮತ್ತೆ ಎತ್ತಿಕೊಳ್ಳಬಹುದು.