ಮಾನಿಟರಿಗೆ ಅಂಟಿಸಿದ ಚೀಟಿ

ವಿಶಾಖಪಟ್ಟಣದ ಬಂದರಿನ ಹತ್ತಿರ ಒಂದು ಕ್ಲಿಯರಿಂಗ್ ಏಜೆಂಟರ ಕಚೇರಿ. ಅಲ್ಲಿ ಮೇಲ್ ನೋಡಿಕೊಳ್ಳುವ ಹಿರಿಯ ಹೆಂಗಸೊಬ್ಬರ ಮಾನಿಟರಿನ ಅಂಚಿಗೆ ಸೆಲ್ಲೋಟೇಪಿನಲ್ಲಿ ಅಂಟಿಸಿದ ಚೀಟಿ ಇದೆ. ತೆಲುಗಿನಲ್ಲಿ ಎರಡೇ ಪದ: 'ಅಪ್‌ಡೇಟ್ ಚೇಯವದ್ದು'. ಅಪ್‌ಡೇಟ್ ಮಾಡಬೇಡಿ.

ನಾನು ಬಳ್ಳಾರಿ ಕಡೆಯವನು. ವಿಶಾಖಪಟ್ಟಣ, ವಿಜಯವಾಡದ ಸಣ್ಣಪುಟ್ಟ ಕಚೇರಿಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ಆ ಚೀಟಿ ಕಂಡಾಗ ಮೊದಲು ಸಿಟ್ಟು ಬಂತು. ಅಪ್‌ಡೇಟ್ ನಿಲ್ಲಿಸಿದ ಕಂಪ್ಯೂಟರ್ ಎಂದರೆ ಚಿಲಕ ಹಾಕದ ಮನೆ. ಆದರೆ ಆಕೆ ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿ ತೋರಿಸಿದ ಮೇಲೆ ಸಿಟ್ಟು ಆಕೆಯ ಮೇಲೆ ಉಳಿಯಲಿಲ್ಲ. ಹಡಗಿನ ಹೆಸರಿಗೊಂದು ಫೋಲ್ಡರ್. ಅದರೊಳಗೆ ಪಾರ್ಟಿಗೊಂದು. ಅದರೊಳಗೆ ಬಿಲ್ ಆಫ್ ಎಂಟ್ರಿ, ಡೆಲಿವರಿ ಆರ್ಡರ್, ಕಸ್ಟಮ್ಸಿನವರು ಕೇಳಿದ ಪ್ರಶ್ನೆ, ಇವರು ಕೊಟ್ಟ ಉತ್ತರ. ಹಣ ಬಾಕಿ ಇದ್ದರೆ ಕೆಂಪು ಗುರುತು, ಮುಗಿದಿದ್ದರೆ ಹಸಿರು. ಹನ್ನೊಂದು ವರ್ಷದ ಪತ್ರವ್ಯವಹಾರ, ಮೈಕ್ರೋಸಾಫ್ಟಿನ ಹಳೆಯ ಔಟ್‌ಲುಕ್ ಮೇಲ್ ಕೂಡಿಡುವ ಒಂದೇ ಪಿಎಸ್‌ಟಿ ಫೈಲಿನಲ್ಲಿ, ಅದೇ ಕಂಪ್ಯೂಟರಿನ ಡಿಸ್ಕಿನಲ್ಲಿ. ಮೂರು ವರ್ಷದ ಹಿಂದಿನ ಕಂಟೇನರಿನ ತಕರಾರು ಬಂದರೆ ಎರಡು ನಿಮಿಷದಲ್ಲಿ ಕಾಗದ ತೆಗೆದುಕೊಡುತ್ತಾರೆ. 'ಇದಿ ಪೋತೇ ನಾಕು ಉದ್ಯೋಗಂ ಲೇದು ಸಾರ್' ಎಂದರು. ಇದು ಹೋದರೆ ನನಗೆ ಕೆಲಸವೇ ಇಲ್ಲ ಎಂದು.

ಆ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ವಿಂಡೋಸ್ ಜೊತೆ ಬರುತ್ತಿದ್ದ ಮೇಲ್ ಮತ್ತು ಕ್ಯಾಲೆಂಡರ್ ಆ್ಯಪ್‌ಗಳಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2024ರ ಡಿಸೆಂಬರ್ 31ಕ್ಕೆ. ಮರುತಿಂಗಳೇ ಸಣ್ಣ ವ್ಯಾಪಾರಿಗಳ ಪ್ಲಾನಿನಲ್ಲಿದ್ದವರನ್ನು ಹಳೆಯ ಔಟ್‌ಲುಕ್‌ನಿಂದ 'ನ್ಯೂ ಔಟ್‌ಲುಕ್'ಗೆ ತಾನಾಗಿಯೇ ದಾಟಿಸುವ ಕೆಲಸ ಶುರುವಾಯಿತು. 2025ರ ಫೆಬ್ರುವರಿ 11ರಂದು ಬಂದ ವಿಂಡೋಸ್ 10ರ ಭದ್ರತಾ ಅಪ್‌ಡೇಟ್ ಈ ಹೊಸ ಔಟ್‌ಲುಕ್ಕನ್ನು ಬೆನ್ನಿಗೆ ಕಟ್ಟಿಕೊಂಡೇ ಬಂತು. ಬೇಡ ಅನ್ನುವವರು ಅದು ಬಂದು ಕೂತ ಮೇಲೆ ತೆಗೆದುಹಾಕಬಹುದು, ಬರುವುದನ್ನೇ ತಡೆಯುವ ದಾರಿ ಸದ್ಯಕ್ಕಿಲ್ಲ ಎಂದು ಕಂಪನಿಯೇ ಆಗ ಬರೆದುಕೊಂಡಿತ್ತು.

ನನ್ನ ತಕರಾರೆಲ್ಲ ಈ ಜಾಗದಲ್ಲೇ. ಭದ್ರತೆಯ ತೇಪೆ ಬೇರೆ, ಉಪಕರಣವನ್ನೇ ಬದಲಿಸುವುದು ಬೇರೆ. ಬೀಗ ರಿಪೇರಿಗೆ ಬಂದವನು ಹಾಗೇ ಅಡುಗೆಮನೆಗೆ ನುಗ್ಗಿ ಒಲೆ ಬದಲಿಸಿ ಹೋದರೆ, ಮುಂದಿನ ಸಲ ಅವನಿಗೆ ಬಾಗಿಲು ತೆಗೆಯುವವರು ಯಾರು? ಬೀಗ ಮುರಿದೇ ಇರಲಿ ಅನ್ನುತ್ತಾರೆ. ಆ ಚೀಟಿ ಹೇಳುತ್ತಿರುವುದೂ ಅದನ್ನೇ.

ಬೀಗ ಮುರಿದೇ ಇದ್ದರೆ ಏನಾಗುತ್ತದೆ ಎನ್ನುವುದನ್ನು ಈ ಊರುಗಳು ಕಣ್ಣಾರೆ ಕಂಡಿವೆ. 2017ರ ಮೇ 12ರಂದು ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನ ಕಂಪ್ಯೂಟರುಗಳಿಗೆ ನುಗ್ಗಿದಾಗ ಆಂಧ್ರದ ಪೊಲೀಸ್ ಇಲಾಖೆಯೂ ಅದಕ್ಕೆ ಸಿಕ್ಕಿಕೊಂಡಿತು. ಕೃಷ್ಣಾ, ಗುಂಟೂರು, ಚಿತ್ತೂರು, ವಿಶಾಖಪಟ್ಟಣ, ಶ್ರೀಕಾಕುಳಂ ಕಡೆಯ ಪೊಲೀಸ್ ಘಟಕಗಳ ಕಂಪ್ಯೂಟರುಗಳಿಗೆ ಬೀಗ ಬಿತ್ತು. ಆ ಕನ್ನಕ್ಕೆ ಬೇಕಾದ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್ 14ರಂದೇ ಹಂಚಿತ್ತು. ಎರಡು ತಿಂಗಳು ಕಾಲಾವಕಾಶ ಇತ್ತು. ಜಗತ್ತಿನಾದ್ಯಂತ ತೇಪೆ ಹಾಕಿಕೊಂಡಿರದ ಯಂತ್ರಗಳೇ ಸಿಕ್ಕಿಬಿದ್ದವು. ಅಪ್‌ಡೇಟ್ ಅಂದರೆ ಜನ ನಂಬಿ ಒತ್ತುವ ಗುಂಡಿಯಾಗಿರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಹೊಸ ಮೇಲ್ ಆ್ಯಪನ್ನು ಭದ್ರತೆಯ ಗಾಡಿಗೆ ಹತ್ತಿಸಿದವರು ಆ ನಂಬಿಕೆಯನ್ನೇ ಖರ್ಚು ಮಾಡಿದ್ದಾರೆ.

ಹೊಸದು ಕೆಟ್ಟದ್ದು ಎಂದು ನಾನು ವಾದಿಸುತ್ತಿಲ್ಲ. ಬರೀ ಮೇಲ್ ನೋಡಿ ಉತ್ತರ ಬರೆಯುವವರಿಗೆ ಅದು ಸಾಕು, ಹಗುರವಾಗಿಯೂ ಇದೆ. ಆದರೆ ಕಚೇರಿಯಲ್ಲಿ ಔಟ್‌ಲುಕ್ ಎಂದರೆ ಅಷ್ಟೇ ಅಲ್ಲ. ಲೆಕ್ಕದ ತಂತ್ರಾಂಶಕ್ಕೆ, ದಾಖಲೆ ಜೋಡಿಸುವ ವ್ಯವಸ್ಥೆಗೆ ಅದನ್ನು ಹೊಲಿದಿರುವುದು ಕಾಮ್ ಆ್ಯಡ್-ಇನ್ ಎಂಬ ಕೊಂಡಿಗಳು. ಹೊಸ ಔಟ್‌ಲುಕ್‌ನಲ್ಲಿ ಅವಕ್ಕೆ ಜಾಗವೇ ಇಲ್ಲ. ಪಿಎಸ್‌ಟಿ ಫೈಲ್ ತೆರೆಯುವ ಸೌಲಭ್ಯ ಮೊದಲು ಇರಲೇ ಇಲ್ಲ, ಆಮೇಲೆ ತುಂಡುತುಂಡಾಗಿ ಬಂತು.

ಇನ್ನೊಂದು ವಿಷಯ ಇದಕ್ಕಿಂತ ಗಂಭೀರ. ಬೇರೆ ಕಂಪನಿಯ ಐಮ್ಯಾಪ್ ಮೇಲ್ ಖಾತೆಯನ್ನು ಹೊಸ ಔಟ್‌ಲುಕ್‌ಗೆ ಸೇರಿಸಿದರೆ ಪಾಸ್‌ವರ್ಡೂ ಮೇಲೂ ಮೈಕ್ರೋಸಾಫ್ಟಿನ ಸರ್ವರಿಗೆ ಹೋಗುತ್ತವೆ ಎಂದು ಜರ್ಮನಿಯ 'ಸಿ'ಟಿ' ಪತ್ರಿಕೆ 2023ರ ನವೆಂಬರಿನಲ್ಲೇ ಪರೀಕ್ಷೆ ಮಾಡಿ ಬರೆದಿತ್ತು. ಕ್ಲೌಡಿಗೆ ಸಿಂಕ್ ಮಾಡುತ್ತೇವೆ ಎಂಬ ಸೂಚನೆ ಪರದೆ ಮೇಲೆ ಬರುತ್ತದೆ, ನಿಜ. ಬೆಳಿಗ್ಗೆ ಒಂಬತ್ತೂವರೆಗೆ ಹಡಗಿನ ಕಾಗದ ಹುಡುಕುತ್ತಿರುವ ಗುಮಾಸ್ತರು ಅದಕ್ಕೆ 'ಓಕೆ' ಒತ್ತಿದರೆ ಅದು ಕಚೇರಿಯ ಒಪ್ಪಿಗೆಯೇ? ವಿಶಾಖಪಟ್ಟಣದಲ್ಲಿ ಪೂರ್ವ ನೌಕಾ ಕಮಾಂಡ್ ಇದೆ, ಹಿಂದುಸ್ತಾನ್ ಶಿಪ್‌ಯಾರ್ಡ್ ಇದೆ. ಇಂಥ ಕಡೆಗೆ ಬೋಲ್ಟು, ಪೈಂಟು, ಕೇಬಲ್ ಪೂರೈಸುವ ಸಣ್ಣ ಅಂಗಡಿಗಳ ಟೆಂಡರ್ ಪತ್ರ ಯಾರ ಸರ್ವರಿನಲ್ಲಿ ಇರಬೇಕು ಎನ್ನುವುದನ್ನು ಯಜಮಾನರು ತೀರ್ಮಾನಿಸಬೇಕು. ಒಂದು ಪಾಪ್-ಅಪ್ ಅಲ್ಲ.

ಮೇಲ್ ಎಲ್ಲಿರಬೇಕು ಎಂಬ ಈ ಮಾತು ವಿಜಯವಾಡದವರಿಗೆ ಬೇರೆ ರೀತಿಯಲ್ಲಿ ತಟ್ಟುತ್ತದೆ. 2024ರ ಸೆಪ್ಟೆಂಬರ್ ಮೊದಲ ವಾರ ಬುಡಮೇರು ಹೊಳೆ ಉಕ್ಕಿ ಸಿಂಗ್‌ನಗರದ ಸುತ್ತಮುತ್ತ ದಿನಗಟ್ಟಲೆ ನೀರು ನಿಂತಿತು. ಕರೆಂಟಿಲ್ಲ, ಎಷ್ಟೋ ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಆಟೋನಗರದ ಒಬ್ಬ ಟ್ರಾನ್ಸ್‌ಪೋರ್ಟ್ ಮಾಲೀಕರು ಆ ದಿನಗಳಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಹಳೆಯ ಔಟ್‌ಲುಕ್ ತೆರೆದು, ಯಾವ ಲಾರಿಯಲ್ಲಿ ಯಾರ ಸರಕು ಇದೆ ಎಂದು ನೋಟ್‌ಬುಕ್ಕಿಗೆ ಬರೆದುಕೊಂಡಿದ್ದನ್ನು ನನಗೆ ತೋರಿಸಿದ್ದಾರೆ. ಮೇಲ್ ಅವರ ಡಿಸ್ಕಿನಲ್ಲಿತ್ತು, ಆದ್ದರಿಂದ ಸಿಕ್ಕಿತು. 2014ರ ಅಕ್ಟೋಬರ್ 12ರ ಹುದ್‌ಹುದ್ ಚಂಡಮಾರುತದ ಮೇಲೆ ವಿಶಾಖಪಟ್ಟಣವೂ ಹೀಗೇ ಹೊರಜಗತ್ತಿನ ಸಂಪರ್ಕ ಕಡಿದುಕೊಂಡು ಕೂತಿತ್ತು. ಹೊಸ ಔಟ್‌ಲುಕ್ ಮೊದಲು ಬಂದಾಗ ಇಂಟರ್ನೆಟ್ ಇಲ್ಲದೆ ಕೆಲಸ ಮಾಡುತ್ತಿರಲಿಲ್ಲ, ಆ ಸೌಲಭ್ಯ ಬಂದದ್ದು ಹಂತಹಂತವಾಗಿ. ಅಂದರೆ ಅಡಿಪಾಯ ಪೂರ್ತಿಯಾಗುವ ಮೊದಲೇ ಬಾಡಿಗೆದಾರರನ್ನು ಸಾಗಿಸಲು ಹೊರಟರು. ಕರಾವಳಿಯ ಊರುಗಳಿಗೆ ಇದು ಸಣ್ಣ ಲೋಪವಲ್ಲ.

ಬೇಡದಿದ್ದರೆ ಹಿಂದಕ್ಕೆ ಹೋಗಬಹುದಲ್ಲ, ಹಳೆಯ ಔಟ್‌ಲುಕ್‌ಗೆ ಕನಿಷ್ಠ 2029ರವರೆಗೆ ಬೆಂಬಲ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇವೆರಡೂ ನಿಜ. ಆದರೆ ಹಿಂದಕ್ಕೆ ಹೋಗುವ ದಾರಿ ನೋಡಿ. ತಾನಾಗಿ ದಾಟಿಸುವುದನ್ನು ನಿಲ್ಲಿಸಬೇಕಾದರೆ ಕಂಪ್ಯೂಟರಿನ ರಿಜಿಸ್ಟ್ರಿಯೊಳಗೆ ಇಳಿದು, ಔಟ್‌ಲುಕ್ ಪಾಲಿಸಿಗಳ ಕೆಳಗೆ 'ನ್ಯೂಔಟ್‌ಲುಕ್‌ಮೈಗ್ರೇಷನ್‌ಯೂಸರ್‌ಸೆಟ್ಟಿಂಗ್' ಎಂಬ ಹೆಸರು ಬರೆದು ಅದನ್ನು ಸೊನ್ನೆ ಮಾಡಬೇಕು. ನನ್ನಂಥವನಿಗೆ ಅದು ಎರಡು ನಿಮಿಷದ ಕೆಲಸ. ನಾಲ್ಕು ಜನರ ಕಚೇರಿಗೆ ರಿಜಿಸ್ಟ್ರಿ ಎಂಬ ಹೆಸರೇ ಗೊತ್ತಿರುವುದಿಲ್ಲ. ಐಟಿ ವಿಭಾಗ ಇಟ್ಟುಕೊಂಡ ದೊಡ್ಡ ಸಂಸ್ಥೆಗಳಿಗೆ ಇದೇ ಕಂಪನಿ ಕನಿಷ್ಠ 12 ತಿಂಗಳು ಮುಂಚೆ ತಿಳಿಸುವುದಾಗಿ ಮಾತು ಕೊಟ್ಟಿತ್ತು. ಸಣ್ಣವರಿಗೆ ಸಿಕ್ಕಿದ್ದು ಕೆಲವೇ ವಾರ. ತಯಾರಿಗೆ ಯಾರ ಬಳಿ ಆಳು ಇಲ್ಲವೋ ಅವರಿಗೇ ಸಮಯವೂ ಕಡಿಮೆ. ಇದನ್ನು ಅನ್ಯಾಯ ಎನ್ನದೆ ಬೇರೆ ಪದದಲ್ಲಿ ಹೇಳಲು ನನಗೆ ಬರುವುದಿಲ್ಲ.

ಇದು ಮೊದಲ ಸಲವೂ ಅಲ್ಲ. ಕೇಳದೆಯೇ ವಿಂಡೋಸ್ 10 ಬಂದು ಕೂತು ತನ್ನ ಕಚೇರಿ ಕಂಪ್ಯೂಟರ್ ಕೆಟ್ಟಿತು ಎಂದು ಕ್ಯಾಲಿಫೋರ್ನಿಯಾದ ಟ್ರಾವೆಲ್ ಏಜೆನ್ಸಿ ನಡೆಸುವ ಮಹಿಳೆಯೊಬ್ಬರು ದಾವೆ ಹೂಡಿ ಗೆದ್ದರು. 2016ರಲ್ಲಿ ಮೈಕ್ರೋಸಾಫ್ಟ್ ಮೇಲ್ಮನವಿ ಕೈಬಿಟ್ಟು ಅವರಿಗೆ 10,000 ಡಾಲರ್ ಕೊಟ್ಟಿತು. ನಮ್ಮಲ್ಲಿ ಅಂಥ ದಾವೆಗೆ ಯಾರಿಗೆ ಪುರುಸೊತ್ತಿದೆ?

ದಾವೆಗಿಂತ ಗಟ್ಟಿಯಾದ ದಾರಿ ನಮ್ಮ ದೇಶದಲ್ಲೇ ತೆರೆದಿದೆ. 2021ರ ವಾಟ್ಸ್‌ಆ್ಯಪ್ ಖಾಸಗಿತನದ ನೀತಿಯನ್ನು 'ಒಪ್ಪು, ಇಲ್ಲವೇ ಬಿಡು' ಎಂದು ಜನರ ಮೇಲೆ ಹೇರಿದ್ದು ಪ್ರಾಬಲ್ಯದ ದುರುಪಯೋಗ ಎಂದು ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರಿನಲ್ಲಿ ವಾಟ್ಸ್‌ಆ್ಯಪ್‌ನ ಮಾಲೀಕ ಕಂಪನಿ ಮೆಟಾಗೆ 213.14 ಕೋಟಿ ರೂಪಾಯಿ ದಂಡ ಹಾಕಿತು. ಮರುವರ್ಷ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಉಳಿಸಿತು. ಫೋನಿನ ಸಂದೇಶಕ್ಕೆ ಅನ್ವಯಿಸುವ ನ್ಯಾಯ ಕಚೇರಿಯ ಪತ್ರಕ್ಕೆ ಯಾಕೆ ಅನ್ವಯಿಸಬಾರದು? ಆಯೋಗ ಭದ್ರತಾ ಅಪ್‌ಡೇಟಿನ ಬೆನ್ನೇರಿ ಬರುವ ಆ್ಯಪ್‌ಗಳನ್ನೂ ಇದೇ ಕಣ್ಣಿನಿಂದ ನೋಡಬೇಕು.

ಆಂಧ್ರ ಸರ್ಕಾರಕ್ಕೂ ಒಂದು ಮಾತು. ವಿಶಾಖಪಟ್ಟಣದಲ್ಲಿ ಟಿಸಿಎಸ್‌ಗೆ 21.16 ಎಕರೆ ಜಾಗವನ್ನು 99 ಪೈಸೆಯ ದರಕ್ಕೆ ಕೊಡಲು ಒಪ್ಪಿದಿರಿ. 2025ರ ಅಕ್ಟೋಬರಿನಲ್ಲಿ ಗೂಗಲ್ ಅದೇ ಊರಿಗೆ ಐದು ವರ್ಷದಲ್ಲಿ 1,500 ಕೋಟಿ ಡಾಲರ್ ತರುವುದಾಗಿ ಘೋಷಿಸಿತು. ಇಂಥವರ ಜೊತೆ ಮೇಜಿಗೆ ಕೂತು ಮಾತಾಡುವ ಬಲ ನಿಮಗಿದೆ. ಸರ್ಕಾರ ಕೊಳ್ಳುವ ಪ್ರತಿ ಕಂಪ್ಯೂಟರಿನ, ಪ್ರತಿ ಪರವಾನಗಿಯ ಟೆಂಡರಿನಲ್ಲಿ ಒಂದು ಷರತ್ತು ಬರೆಯಿರಿ: ಭದ್ರತಾ ತೇಪೆ ಬೇರೆಯಾಗಿ ಬರಬೇಕು, ಕೆಲಸದ ತಂತ್ರಾಂಶ ಬದಲಿಸಬೇಕಾದರೆ ಒಂದು ವರ್ಷ ಮುಂಚೆ ಹೇಳಬೇಕು, ಕಚೇರಿಯ ಮುಖ್ಯಸ್ಥರು ಹೂಂ ಎಂದ ಮೇಲೆಯೇ ಕೈ ಹಾಕಬೇಕು. ಸರ್ಕಾರಕ್ಕೆ ಹೀಗೆ ಮಾರಿದವರು ಆಟೋನಗರದವರಿಗೂ ಹಾಗೇ ಮಾರುವಂತಾಗಲಿ. ಕರ್ನಾಟಕದ ಸರ್ಕಾರವೂ ಇದೇ ಷರತ್ತು ಬರೆದರೆ ನನಗೆ ಇನ್ನೂ ಸಂತೋಷ.

ಹೋದ ತಿಂಗಳು ಬಂದರಿನ ಆ ಕಚೇರಿಗೆ ಮತ್ತೆ ಹೋಗಿದ್ದೆ. ಸಂಜೆ ಆರಾದ ಮೇಲೆ, ಎಲ್ಲರೂ ಹೊರಟಾಗ, ಆಕೆಯ ಪಿಎಸ್‌ಟಿ ಫೈಲನ್ನು ಎರಡು ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲು ಮಾಡಿದೆ. ರಿಜಿಸ್ಟ್ರಿಯಲ್ಲಿ ಆ ಸೊನ್ನೆ ಬರೆದೆ. ಆಮೇಲೆ ಬಾಕಿ ಇದ್ದ ಭದ್ರತಾ ತೇಪೆಗಳನ್ನು ಒಂದೊಂದಾಗಿ ಹಾಕಿದೆ. ಪ್ರತಿ ಸಲ ಯಂತ್ರ ಮತ್ತೆ ಚಾಲೂ ಆದಾಗ ಆಕೆ ಮುಂದಕ್ಕೆ ಬಾಗಿ ಹಡಗಿನ ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿ, ಎಲ್ಲ ಇವೆ ಎಂದು ತಲೆಯಾಡಿಸುತ್ತಿದ್ದರು. ಮುಗಿದಾಗ ರಾತ್ರಿ ಒಂಬತ್ತು. ಚೀಟಿ ತೆಗೆಯೋಣವೇ ಅಮ್ಮಾ ಎಂದು ಕೇಳಿದೆ. ಆಕೆ ಪೆನ್ನು ತೆಗೆದುಕೊಂಡು ಅದೇ ಚೀಟಿಯ ಕೆಳಗೆ, 'ನನ್ನನ್ನು ಕೇಳದೆ' ಎಂದು ಸೇರಿಸಿದರು.